ಕೊಬ್ಬರಿ ಅಟ್ಟದಲ್ಲೇ ಇದೆ ಪ್ರೋಗ್ರಾಮಿಂಗಿನ ಮೊದಲ ಪಾಠ

ಮಗ್ರಿಬ್ ಮುಗಿದು ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಒಬ್ಬ ಹುಡುಗ ಮದ್ರಸದ ಬಾಗಿಲಲ್ಲೇ ನಿಂತಿದ್ದ. ನಮ್ಮ ಹತ್ತಿರವೇ ಅಲಿಫ್, ಬಾ ಕಲಿತವನು. ಈಗ ಬಿಸಿಎ ಮೊದಲ ವರ್ಷ. ಕೈಯಲ್ಲಿ ಲ್ಯಾಬ್ ರೆಕಾರ್ಡ್ ಪುಸ್ತಕ ಇತ್ತು. "ಉಸ್ತಾದ್, ಉಪ್ಪನಿಗೆ ನೀವೇ ಒಂದು ಮಾತು ಹೇಳ್ಬೇಕು. ನಾನು ಕಾಲೇಜು ಬಿಡ್ತೀನಿ" ಅಂದ.

ಅವನ ಉಪ್ಪ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸ ಮಾಡುವವರು. ಮಗ ಕಂಪ್ಯೂಟರ್ ಓದುತ್ತಾನೆ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು, ಕೈಸಾಲ ಮಾಡಿ ಫೀಸು ಕಟ್ಟಿದವರು. ನಾವು ಹುಡುಗನನ್ನು ಕೂರಿಸಿ ರೆಕಾರ್ಡ್ ಬಿಡಿಸಿ ನೋಡಿದೆವು. ಮುತ್ತು ಪೋಣಿಸಿದಂಥ ಅಕ್ಷರ, ಪ್ರತಿ ಪುಟಕ್ಕೂ ಸಹಿ. ಒಂದು ಪುಟದಲ್ಲಿ ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮ್ ಇತ್ತು. "ಈ ಸಾಲು ಯಾಕೆ ಬಂತು ಇಲ್ಲಿ?" ಅಂತ ಬೆರಳಿಟ್ಟು ಕೇಳಿದೆವು.

"ಗೊತ್ತಿಲ್ಲ ಉಸ್ತಾದ್. ಬೋರ್ಡ್ ಮೇಲೆ ಬರೆದಿದ್ರು, ಬರ್ಕೊಂಡೆ. ಪರೀಕ್ಷೆಗೆ ಅಷ್ಟೂ ಪ್ರೋಗ್ರಾಮ್ ಬಾಯಿಪಾಠ ಮಾಡ್ಬೇಕು. ಸ್ವಲ್ಪ ಬದಲಾಯ್ಸಿ ಕೇಳಿದ್ರೆ ಕೈ ನಡುಗುತ್ತೆ."

ನಾವು ಕಂಪ್ಯೂಟರ್ ಓದಿದವರಲ್ಲ. ಆದರೆ ‘ಇದಕ್ಕಿಂತ ಅದು ದೊಡ್ಡದು’ ಎಂಬ ಚಿಹ್ನೆ ಶಾಲೆಯ ಗಣಿತದಲ್ಲಿ ಕಂಡದ್ದೇ. ಆದ್ದರಿಂದ ಬೇರೆ ಥರ ಕೇಳಿದೆವು: "ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿ ಮುಂದೆ ಮೂರು ತೆಂಗಿನಕಾಯಿ ಇಟ್ಟರೆ, ಭಾರದ ಕಾಯಿ ಯಾವುದು ಅಂತ ಹೇಗೆ ಹೇಳ್ತೀಯ?"

ಒಂದು ಕ್ಷಣವೂ ತಡೆಯದೆ ಹೇಳಿದ: "ಎರಡು ಕೈಗೆ ಎರಡು ತಗೋತೀನಿ. ಹಗುರ ಇದ್ದದ್ದು ಕೆಳಗಿಡ್ತೀನಿ. ಆ ಕೈಗೆ ಮೂರನೇದು ತಗೋತೀನಿ. ಮತ್ತೆ ತೂಗಿ ನೋಡ್ತೀನಿ."

"ಈ ಪುಟದಲ್ಲಿ ಬರೆದಿರೋದು ಅದೇ ಅಲ್ವಾ?"

ಹುಡುಗ ಪುಟವನ್ನೇ ನೋಡುತ್ತಾ ಸುಮಾರು ಹೊತ್ತು ಕೂತ. ಆ ಪ್ರೋಗ್ರಾಮನ್ನು ಅವನು ಎಷ್ಟೋ ಸಲ ಬರೆದಿದ್ದ. ಅದರ ಅರ್ಥ ಅವನ ಕೈಯಲ್ಲೇ ಇತ್ತು. ಅದನ್ನು ಅವನಿಗೆ ತೋರಿಸಿಕೊಟ್ಟವರು ಯಾರೂ ಇರಲಿಲ್ಲ.

ತಪ್ಪು ಮಗುವಿನದೋ, ಪಾಠದ್ದೋ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರಿದ ಈ ಕಲ್ಪತರು ನಾಡಿನಲ್ಲಿ ಈಗ ಕಂಪ್ಯೂಟರ್ ಬೇಡ ಅನ್ನುವ ಮನೆ ಇಲ್ಲ. ಎಪಿಎಂಸಿಯಲ್ಲಿ ಕೊಬ್ಬರಿ ಟೆಂಡರ್ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಪಿಯುಸಿಗೆ ಬಂದ ಮಕ್ಕಳು ಪಿಸಿಎಂಸಿ, ಸಿಇಬಿಎ ಅಂತ ಕಂಪ್ಯೂಟರ್ ಸೈನ್ಸ್ ಇರುವ ವಿಭಾಗವನ್ನೇ ಹುಡುಕುತ್ತಾರೆ. ವ್ಯಾಪಾರ, ಕೆಲಸ ಅಂತ ಘಟ್ಟ ಹತ್ತಿ ಬಂದ ನಮ್ಮಂಥವರ ಮಕ್ಕಳೂ ಇದೇ ಸಾಲಿನಲ್ಲಿದ್ದಾರೆ. 2020 ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಮಾಧ್ಯಮಿಕ ಹಂತದಲ್ಲೇ, ಅಂದರೆ ಆರನೇ ತರಗತಿಯಿಂದಲೇ ಕೋಡಿಂಗ್ ಪರಿಚಯ ಆಗಬೇಕು ಎಂದಿದೆ.

ಹೀಗೆ ಆಸೆಯಿಂದ ಸೇರಿದ ಮಕ್ಕಳಲ್ಲಿ ಕೆಲವರು ಮೊದಲ ವರ್ಷದಲ್ಲೇ ಸೋಲುತ್ತಾರೆ. ಸೋತ ಮಗುವಿಗೆ ನಾವು ಹೇಳುವ ಮಾತು ಒಂದೇ: "ನಿನಗೆ ತಲೆ ಇಲ್ಲ, ಗಮನ ಇಲ್ಲ, ಮೊಬೈಲ್ ಜಾಸ್ತಿ." ಮಗುವೂ ಅದನ್ನೇ ನಂಬಿಬಿಡುತ್ತದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹಳೇ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿ ಈ ಹುಡುಗನ ವಿಷಯ ಹೇಳಿದೆವು. ಇದು ತಿಪಟೂರಿನ ಕತೆ ಮಾತ್ರ ಅಲ್ಲ ಅಂತ ಅವನು ವಿವರಿಸಿದ. 2001 ರಲ್ಲಿ ಮೈಕೆಲ್ ಮೆಕ್‌ಕ್ರ್ಯಾಕನ್ ಎಂಬ ಅಧ್ಯಾಪಕರ ನೇತೃತ್ವದ ತಂಡವೊಂದು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಪ್ರೋಗ್ರಾಮಿಂಗಿನ ಮೊದಲ ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟಿತು. 110 ಅಂಕಕ್ಕೆ ಸಿಕ್ಕ ಸರಾಸರಿ 22.89! ಪರೀಕ್ಷೆ ಕೊಟ್ಟ ಮೇಷ್ಟ್ರುಗಳೇ ಬೆಚ್ಚಿಬಿದ್ದರು. 2004 ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಇನ್ನೂ ಕೆಳಗಿನ ಮೆಟ್ಟಿಲನ್ನು ಪರೀಕ್ಷಿಸಿದರು. ಹೊಸದಾಗಿ ಬರೆಯುವುದು ಬೇಡ, ಕೊಟ್ಟಿರುವ ಪುಟ್ಟ ಪ್ರೋಗ್ರಾಮನ್ನು ಓದಿ ‘ಇದು ಏನು ಉತ್ತರ ಕೊಡುತ್ತದೆ’ ಎಂದು ಹೇಳಿದರೆ ಸಾಕು ಅಂದರು. ಅದರಲ್ಲೂ ಬಹಳ ಮಕ್ಕಳು ಎಡವಿದರು.

ಓದಲು ಬಾರದವನ ಕೈಗೆ ಲೇಖನಿ ಕೊಟ್ಟು ಪ್ರಬಂಧ ಬರೆ ಅಂದಂತಾಯಿತು ಅಲ್ಲವೇ? ಇಷ್ಟು ದೇಶಗಳಲ್ಲಿ ಇಷ್ಟು ಮಕ್ಕಳು ಒಂದೇ ಜಾಗದಲ್ಲಿ ಎಡವಿದರೆ ಕಲ್ಲು ದಾರಿಯಲ್ಲೇ ಇರಬೇಕು.

ನಮ್ಮ ಮದ್ರಸಗಳೂ ಕನ್ನಡಿ ನೋಡಿಕೊಳ್ಳಬೇಕು

ಇಲ್ಲಿ ನಾವು ಬೇರೆಯವರ ಕಡೆ ಮಾತ್ರ ಬೆರಳು ತೋರಿಸುವುದು ನ್ಯಾಯ ಅಲ್ಲ. ಅರ್ಥ ಹೇಳದೆ ಬಾಯಿಪಾಠ ಮಾಡಿಸುವ ಚಾಳಿ ನಮ್ಮಲ್ಲೂ ಇದೆ. ಬಾಯಿಪಾಠವೇ ಕೆಟ್ಟದ್ದು ಅಂತಲ್ಲ. ಹಿಫ್ಳ್ ನಮ್ಮ ಹೆಮ್ಮೆ. ಆದರೆ ಹಿಫ್ಳ್ ಮಾಡಿಸುವ ಒಳ್ಳೆಯ ಉಸ್ತಾದ್ ಏನು ಮಾಡುತ್ತಾರೆ ನೋಡಿ. ಮೊದಲು ಅಕ್ಷರ, ಆಮೇಲೆ ಹರಕತ್, ಆಮೇಲೆ ಕೂಡಿಸಿ ಓದುವುದು. ಪ್ರತಿ ಮಗು ಒಬ್ಬೊಬ್ಬನಾಗಿ ಎದುರು ಕೂತು ಒಪ್ಪಿಸಬೇಕು. ತಪ್ಪಿದ ಜಾಗದಲ್ಲೇ ನಿಲ್ಲಿಸಿ, ತಿದ್ದಿ, ಮತ್ತೆ ಓದಿಸುತ್ತಾರೆ. ಇವತ್ತಿನ ಸಬಕ್ ಗಟ್ಟಿಯಾಗದೆ ನಾಳೆಯದಕ್ಕೆ ಕೈ ಹಾಕುವುದಿಲ್ಲ.

1377 ರಲ್ಲಿ ‘ಮುಕದ್ದಿಮ’ ಬರೆದ ಇಬ್ನ್ ಖಲ್ದೂನ್ ಪಾಠ ಹೇಳುವ ಕ್ರಮಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾರೆ. ವಿಷಯವನ್ನು ಒಮ್ಮೆಲೇ ಸುರಿಯಬಾರದು, ಮೊದಲು ಸ್ಥೂಲವಾಗಿ, ಎರಡನೇ ಸಲ ವಿವರವಾಗಿ, ಮೂರನೇ ಸಲ ಕಷ್ಟದ ಮೂಲೆಗಳನ್ನೆಲ್ಲ ಬಿಡಿಸಿ ಹೇಳಬೇಕು ಎನ್ನುವುದು ಅವರ ಅಭಿಪ್ರಾಯ. ಮಕ್ಕಳ ಮೇಲೆ ಕಠೋರತೆ ತೋರಿದರೆ ಅವರ ಮನಸ್ಸು ಮುದುಡುತ್ತದೆ, ಸುಳ್ಳು ಹೇಳುವುದನ್ನು ಕಲಿಯುತ್ತಾರೆ ಎಂದೂ ಎಚ್ಚರಿಸಿದ್ದಾರೆ. ನಮ್ಮ ಹುಡುಗನ ರೆಕಾರ್ಡ್ ಪುಸ್ತಕ ಒಂದು ರೀತಿಯಲ್ಲಿ ಸುಳ್ಳೇ ತಾನೆ? ಬಾರದ್ದನ್ನು ಬರುತ್ತದೆ ಅಂತ ಅಂದವಾಗಿ ಬರೆದು ಸಹಿ ಹಾಕಿಸಿಕೊಂಡದ್ದು.

ಹಾಗಾದರೆ ಹೇಗೆ ಕಲಿಸಬೇಕು? ಹಳೇ ವಿದ್ಯಾರ್ಥಿ ಹೇಳಿದ್ದು, ನಾವು ಮಕ್ಕಳ ಜೊತೆ ಕೂತು ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ವಾರ ಕಂಪ್ಯೂಟರ್ ಬೇಡ

ಪ್ರೋಗ್ರಾಮ್ ಅಂದರೆ ಕ್ರಮವಾಗಿ ಹೇಳಿದ ಕೆಲಸ, ಅಷ್ಟೇ. ಈ ಕ್ರಮ ನಮ್ಮ ಮಕ್ಕಳಿಗೆ ಹೊಸದಲ್ಲ. ಶಾಫಿಈ ಮದ್‌ಹಬ್‌ನಲ್ಲಿ ವುಳೂವಿಗೆ ಆರು ಫರ್ಳ್. ನಿಯ್ಯತ್, ಮುಖ, ಮೊಣಕೈವರೆಗೆ ಕೈ, ತಲೆ ಸವರುವುದು, ಹರಡುಗಂಟಿನವರೆಗೆ ಕಾಲು ಸೇರಿ ಐದು. ಆರನೆಯದು ತರ್ತೀಬ್, ಅಂದರೆ ಇದೇ ಕ್ರಮದಲ್ಲಿ ಮಾಡುವುದು. ಐದೂ ಮಾಡಿ ಕ್ರಮ ತಪ್ಪಿದರೆ ವುಳೂ ಆಗಲಿಲ್ಲ. ಪ್ರೋಗ್ರಾಮಿಂಗಿನ ಮೊದಲ ಪಾಠ ಇದೇ. ಎಲ್ಲ ಸಾಲೂ ಸರಿಯಿದ್ದು ಕ್ರಮ ತಪ್ಪಿದರೆ ಉತ್ತರ ಸಿಗುವುದಿಲ್ಲ. ತವಾಫ್ ಏಳು ಸುತ್ತು ಅನ್ನುವುದು ಎಷ್ಟು ಸಲ ಅಂತ ಮೊದಲೇ ಗೊತ್ತಿರುವ ಆವರ್ತನೆ. ಪ್ರೋಗ್ರಾಮಿಂಗಿನಲ್ಲಿ ಅದಕ್ಕೆ ‘ಫಾರ್’ ಲೂಪ್ ಅನ್ನುತ್ತಾರೆ.

ಇನ್ನೊಂದು ಥರದ ಲೂಪ್ ಇದೆ, ‘ವೈಲ್’ ಅಂತ. ಎಷ್ಟು ಸಲ ಅಂತ ಮೊದಲೇ ಗೊತ್ತಿಲ್ಲ, ಒಂದು ಸ್ಥಿತಿ ಬರುವ ತನಕ ಮಾಡುತ್ತಲೇ ಇರಬೇಕು. ಮಕ್ಕಳಿಗೆ ಇದು ತಲೆಗೆ ಹತ್ತುವುದೇ ಕಷ್ಟ ಅಂತಾರೆ. ಆದರೆ ಇಲ್ಲಿನ ಮಕ್ಕಳಿಗೆ ಅಟ್ಟ ತೋರಿಸಿದರೆ ಸಾಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು, ಕೆಲವಕ್ಕೆ ವರ್ಷ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಅಲ್ಲಾಡಿಸಿದಾಗ ಗುಡುಗುಡು ಸದ್ದು ಬಂತೋ, ಇಳಿಸಿ ಸುಲಿಯಬಹುದು. ಇಲ್ಲವೋ, ಮತ್ತೆ ಅಟ್ಟಕ್ಕೆ.

ಇದನ್ನೇ ಮಕ್ಕಳಿಂದ ಕನ್ನಡದಲ್ಲಿ ಬರೆಸಿದೆವು:

ಸದ್ದು ಬರದೆ ಇರುವ ತನಕ: ಅಟ್ಟದಲ್ಲೇ ಇಡು, ಒಂದು ತಿಂಗಳು ಕಾಯಿ, ಅಲ್ಲಾಡಿಸಿ ನೋಡು.
ಆಮೇಲೆ: ಸುಲಿ, ಚಿಪ್ಪು ಒಡೆ.
ಉಂಡೆ ಪೂರ್ತಿ ಇದ್ದರೆ: ಒಳ್ಳೆ ಮೂಟೆಗೆ ಹಾಕು. ಇಲ್ಲದಿದ್ದರೆ: ಹೋಳಿನ ಮೂಟೆಗೆ ಹಾಕು.

ಎಂಟನೇ ತರಗತಿಯ ಒಬ್ಬಳು ಹುಡುಗಿ ಕೂಡಲೇ ಕೇಳಿದಳು: "ಉಸ್ತಾದ್, ಕಾಯಿ ಕೊಳೆತು ಹೋಗಿದ್ರೆ? ಅದು ಯಾವತ್ತೂ ಸದ್ದು ಮಾಡಲ್ವಲ್ಲ. ಹಾಗಾದ್ರೆ ಅಟ್ಟದಲ್ಲೇ ಕಿಯಾಮತ್ತಿನ ತನಕ ಇಡೋದಾ?" ನಾವೆಲ್ಲ ನಕ್ಕೆವು. ಬೆಂಗಳೂರಿನ ಹುಡುಗ ಮಾತ್ರ ಫೋನಿನಲ್ಲಿ ನಗಲಿಲ್ಲ. "ಉಸ್ತಾದ್, ಅದಕ್ಕೆ ನಾವು ಮುಗಿಯದ ಲೂಪ್ ಅಂತೀವಿ. ನಮ್ಮ ಆಫೀಸಲ್ಲೇ ಇಂಥ ತಪ್ಪು ಆಗುತ್ತೆ. ಆ ಹುಡುಗಿನ ಬಿಡಬೇಡಿ" ಅಂದ.

ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಈ ದಾರಿ ನಮ್ಮ ಕಲ್ಪನೆಯದ್ದೇನಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಜೊತೆಯವರು 1990 ರ ದಶಕದಲ್ಲೇ ‘ಅನ್‌ಪ್ಲಗ್ಡ್’ ಎಂಬ ಹೆಸರಿನಲ್ಲಿ ಹಗ್ಗ, ಚೀಟಿ, ಕಾರ್ಡು, ಆಟಗಳಿಂದ ಇದನ್ನು ಕಲಿಸುವ ಪಾಠಗಳನ್ನು ಮಾಡಿಟ್ಟಿದ್ದಾರೆ. ಆ ಪಾಠಗಳಿಗೆ ಕರೆಂಟೂ ಬೇಡ, ಇಂಟರ್ನೆಟ್ಟೂ ಬೇಡ.

ಬರೆಯುವ ಮೊದಲು ಓದು

ನಮಗೆ ಇಳಿದ ಮೊದಲ ಆದೇಶವೇ ಓದು ಎಂಬುದು. ಪ್ರೋಗ್ರಾಮಿಂಗಿನಲ್ಲೂ ಓದೇ ಮೊದಲು ಬರಬೇಕು. ಇಂಗ್ಲೆಂಡಿನ ಸ್ಯೂ ಸೆಂಟನ್ಸ್ ಎಂಬ ಶಿಕ್ಷಣ ಸಂಶೋಧಕಿ ಶಿಕ್ಷಕರಿಗೆ ಐದು ಮೆಟ್ಟಿಲಿನ ಒಂದು ಕ್ರಮ ಹಾಕಿಕೊಟ್ಟಿದ್ದಾರೆ, ಅದಕ್ಕೆ ‘ಪ್ರಿಮ್’ ಅಂತ ಹೆಸರು. ಮೊದಲು ಸಿದ್ಧ ಪ್ರೋಗ್ರಾಮ್ ಕೊಟ್ಟು ‘ಇದು ಏನು ಮಾಡಬಹುದು?’ ಎಂದು ಊಹಿಸಲು ಬಿಡುವುದು. ಎರಡನೆಯದು, ನಡೆಸಿ ನೋಡುವುದು. ಮೂರನೆಯದು, ಊಹೆ ತಪ್ಪಿದ್ದರೆ ಯಾಕೆ ಅಂತ ಸಾಲು ಸಾಲಾಗಿ ಹುಡುಕುವುದು. ನಾಲ್ಕನೆಯದು, ಅದೇ ಪ್ರೋಗ್ರಾಮನ್ನು ಸ್ವಲ್ಪ ಬದಲಾಯಿಸುವುದು. ಐದನೆಯದು, ಸ್ವಂತದ್ದು ಬರೆಯುವುದು. ನಮ್ಮ ಎಷ್ಟೋ ಕ್ಲಾಸುಗಳು ನೇರವಾಗಿ ಐದನೇ ಮೆಟ್ಟಿಲಿಗೆ ಹಾರುತ್ತವೆ. ಮಗು ಬಿದ್ದಾಗ ಬೋರ್ಡಿನಿಂದ ನಕಲು ಮಾಡಿಸುತ್ತವೆ.

ಊಹಿಸುವ ಆಟ ಎಷ್ಟು ಮುಖ್ಯ ಅಂತ ಒಂದು ಉದಾಹರಣೆ ಕೊಡುತ್ತೇವೆ. ಮನೆಯಲ್ಲಿ ನಿಮ್ಮ ಮಕ್ಕಳಿಗೆ ಕೇಳಿ ನೋಡಿ:

ಕಾಯಿ = 10
ಬುಟ್ಟಿ = ಕಾಯಿ
ಕಾಯಿ = 25

ಈಗ ‘ಬುಟ್ಟಿ’ಯಲ್ಲಿ ಎಷ್ಟು? ಬಹಳ ಮಕ್ಕಳು 25 ಅಂತಾರೆ. ಗಣಿತದಲ್ಲಿ ಸಮ ಚಿಹ್ನೆ ಅಂದರೆ ಎರಡೂ ಕಡೆ ಯಾವಾಗಲೂ ಒಂದೇ. ಪ್ರೋಗ್ರಾಮಿಂಗಿನಲ್ಲಿ ಅದರ ಅರ್ಥ ಬೇರೆ. ‘ಬಲಗಡೆಯ ಬೆಲೆಯನ್ನು ನೋಡಿ, ಎಡಗಡೆಯ ಹೆಸರಿನಲ್ಲಿ ಈಗ ಬರೆದಿಡು’ ಎಂಬ ಆಜ್ಞೆ ಅದು. ಎರಡನೇ ಸಾಲು ನಡೆದಾಗ ಬುಟ್ಟಿಗೆ 10 ಬಂತು. ಆಮೇಲೆ ಕಾಯಿ ಬದಲಾದರೆ ಬುಟ್ಟಿಗೇನೂ ಆಗುವುದಿಲ್ಲ. ಆದ್ದರಿಂದ ಉತ್ತರ 10. ಈ ಒಂದು ಗೊಂದಲವನ್ನು ಮೊದಲ ವಾರದಲ್ಲೇ ಬಿಡಿಸದಿದ್ದರೆ ಮುಂದಿನ ಇಡೀ ವರ್ಷ ಮಗು ಕತ್ತಲಲ್ಲೇ ನಡೆಯುತ್ತದೆ. ಬಿಡಿಸಲು ಬೇಕಾದ್ದು ಒಂದು ಹಲಗೆ, ಒಂದು ಸೀಮೆಸುಣ್ಣ. ಪ್ರತಿ ಹೆಸರಿಗೊಂದು ಚೌಕ ಹಾಕಿ, ಒಂದೊಂದು ಸಾಲು ಓದಿದಂತೆ ಚೌಕದೊಳಗಿನ ಅಂಕಿ ಅಳಿಸಿ ಹೊಸದು ಬರೆಯಿರಿ.

ಇನ್ನೊಂದು ಉಪಾಯವೂ ನ್ಯೂಜಿಲೆಂಡಿನಿಂದಲೇ ಬಂದದ್ದು. 2006 ರಲ್ಲಿ ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರೀಶಿಯಾ ಹೇಡನ್ ಎಂಬ ಇಬ್ಬರು ಅಧ್ಯಾಪಕಿಯರು ಇದನ್ನು ಪರಿಚಯಿಸಿದರು. ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕತ್ತರಿಸಿ, ಕಲಸಿ ಮಕ್ಕಳಿಗೆ ಕೊಡುವುದು. ಮಕ್ಕಳು ಸರಿಯಾದ ಕ್ರಮಕ್ಕೆ ಜೋಡಿಸಬೇಕು. ಸ್ಪೆಲ್ಲಿಂಗ್, ಅಲ್ಪವಿರಾಮ, ಆವರಣ ಚಿಹ್ನೆಗಳ ಭಯ ಇಲ್ಲ. ಗಮನವೆಲ್ಲ ತರ್ತೀಬಿನ ಮೇಲೇ ಇರುತ್ತದೆ. ನಾವು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದು ಕತ್ತರಿಸಿ ಕೊಟ್ಟಿದ್ದೆವು. ಪರೀಕ್ಷೆಗೆ ಹೆದರುತ್ತಿದ್ದ ಮಕ್ಕಳು ಇಶಾ ಬಾಂಗ್ ಆದರೂ ಏಳಲಿಲ್ಲ.

ತಪ್ಪು ಅಂದರೆ ಗುನಾಹ್ ಅಲ್ಲ

ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಎರರ್’ ಬಂದ ಕೂಡಲೇ ನಮ್ಮ ಮಕ್ಕಳು ಕೈ ಹಿಂದೆ ತೆಗೆಯುತ್ತಾರೆ, ಬೈಸಿಕೊಂಡವರ ಹಾಗೆ. 1967 ರಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ ಜೀವನವಿಡೀ ಹೇಳಿದ್ದು ಇದನ್ನೇ. ಪ್ರೋಗ್ರಾಮ್ ಸರಿಯೋ ತಪ್ಪೋ ಅನ್ನುವುದು ಮುಖ್ಯ ಅಲ್ಲ, ತಪ್ಪಿದ್ದನ್ನು ಸರಿಪಡಿಸಲು ಆಗುತ್ತದೆಯೇ ಅನ್ನುವುದು ಮುಖ್ಯ. ಲೋಗೋದಲ್ಲಿ ಒಂದು ಆಮೆ ಇರುತ್ತದೆ. ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂದರೆ ಅದು ಗೆರೆ ಎಳೆಯುತ್ತಾ ನಡೆಯುತ್ತದೆ. ಚೌಕ ಬರಲಿಲ್ಲವೇ? ಮಗು ಎದ್ದು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡುತ್ತದೆ, ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತದೆ. ಈಗಿನ ಪೈಥಾನ್ ಭಾಷೆಯಲ್ಲೂ ಈ ಆಮೆ ಇದೆ.

ಕುರ್‌ಆನ್ ಓದುವಾಗ ತಜ್‌ವೀದ್ ತಪ್ಪಿದರೆ ನಾವು ಮಗುವನ್ನು ಓಡಿಸುವುದಿಲ್ಲ, ನಿಲ್ಲಿಸಿ ಮತ್ತೆ ಓದಿಸುತ್ತೇವೆ. ಎರರ್ ಸಂದೇಶವನ್ನೂ ಹಾಗೇ ನೋಡಬೇಕು. ಎಷ್ಟನೇ ಸಾಲಿನಲ್ಲಿ ತೊಂದರೆ ಅಂತ ಅದರಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಆ ಒಂದು ಇಂಗ್ಲಿಷ್ ವಾಕ್ಯ ಓದಲು ಕಲಿಸಿದರೆ ಅರ್ಧ ಭಯ ಹೋಗುತ್ತದೆ.

ಧಾರಣೆ, ಝಕಾತ್, ಮೀರಾಸ್

ಮಕ್ಕಳಿಗೆ ಕೊಡುವ ಉದಾಹರಣೆ ಅವರ ಮನೆಯದ್ದಾಗಿರಬೇಕು. ‘ಎ ಪ್ಲಸ್ ಬಿ’ ಅಂದರೆ ಯಾರಿಗೆ ಏನು ಬಂತು? ಕೊಬ್ಬರಿ ಲೆಕ್ಕ ಕೊಡಿ. 2025 ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ 100 ಕ್ವಿಂಟಲ್ ಇದೆ ಅಂತಿಟ್ಟುಕೊಳ್ಳೋಣ. ಆ ಬೆಲೆಯಲ್ಲಿ ಲೆಕ್ಕ ಹಾಕಿದರೆ ಮಾಲಿನ ಮೌಲ್ಯ 12,10,000. ನಿಸಾಬ್ ದಾಟಿದೆಯೇ? ವರ್ಷ ತುಂಬಿದೆಯೇ? ಎರಡಕ್ಕೂ ಹೌದು ಅಂದರೆ ಶೇಕಡಾ 2.5, ಅಂದರೆ 30,250 ರೂಪಾಯಿ ಝಕಾತ್. ಎರಡು ಪ್ರಶ್ನೆ, ಒಂದು ಗುಣಾಕಾರ, ಇಷ್ಟೇ ಪ್ರೋಗ್ರಾಮ್.

"ಆದ್ರೆ ಉಸ್ತಾದ್, ಝಕಾತ್ ಲೆಕ್ಕ ಆ ದಿನದ ಪೇಟೆ ಬೆಲೆಗೆ ಅಲ್ವಾ? ಧಾರಣೆ ದಿನಾ ಬದಲಾಗುತ್ತೆ" ಅಂತ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ. ಅದಕ್ಕೇ ಪ್ರೋಗ್ರಾಮಿನಲ್ಲಿ 12,100 ಅಂತ ಅಂಕಿ ಬರೆಯದೆ ‘ಧಾರಣೆ’ ಅಂತ ಒಂದು ಹೆಸರಿಡುವುದು. ಬೆಲೆ ಬದಲಾದಾಗ ಆ ಒಂದು ಜಾಗದಲ್ಲಿ ತಿದ್ದಿದರೆ ಸಾಕು. ‘ವೇರಿಯಬಲ್’ ಅಂದರೆ ಏನು ಅಂತ ಒಂದು ಗಂಟೆ ಭಾಷಣ ಮಾಡುವುದಕ್ಕಿಂತ ಟೆಂಡರ್ ದಿನದ ಧಾರಣೆ ಪಟ್ಟಿ ತೋರಿಸುವುದು ಮೇಲು.

ಮೀರಾಸ್ ಇನ್ನೂ ಚೆನ್ನಾದ ಪಾಠ. ತೀರಿಕೊಂಡ ಹೆಂಡತಿಗೆ ಮಕ್ಕಳಿದ್ದರೆ ಗಂಡನಿಗೆ ನಾಲ್ಕನೇ ಒಂದು, ಇಲ್ಲದಿದ್ದರೆ ಅರ್ಧ. ತೀರಿಕೊಂಡ ಗಂಡನಿಗೆ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು. ‘ಇಫ್’ ಮತ್ತು ‘ಎಲ್ಸ್’ ಎಂಬ ಎರಡು ಪದಗಳ ಕೆಲಸ ಪೂರ್ತಿ ಇದೇ.

ಮತ್ತು ಇದು ಬಲವಂತದ ಜೋಡಣೆಯೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಖಲೀಫಾ ಮಅ್‌ಮೂನರ ಕಾಲದ ಬಗ್ದಾದಿನಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಸುಮಾರು 820 ರಲ್ಲಿ ‘ಅಲ್ ಜಬ್ರ್’ ಪುಸ್ತಕ ಬರೆದರು. ಆಲ್ಜೀಬ್ರಾ ಎಂಬ ಪದ ಬಂದದ್ದು ಅದರ ಹೆಸರಿನಿಂದ. ಆ ಪುಸ್ತಕದ ದೊಡ್ಡ ಭಾಗ ವಸಿಯ್ಯತ್ತು, ವಾರಸು ಪಾಲಿನ ಲೆಕ್ಕಗಳಿಗೇ ಮೀಸಲು. ಭಾರತದ ಅಂಕಿಗಳ ಬಗ್ಗೆ ಅವರು ಬರೆದ ಇನ್ನೊಂದು ಕೃತಿ ಲ್ಯಾಟಿನ್‌ಗೆ ಹೋದಾಗ ಅವರ ಹೆಸರು ‘ಅಲ್ಗೊರಿತ್ಮಿ’ ಆಯಿತು. ಇವತ್ತು ಪ್ರತಿ ಕಂಪ್ಯೂಟರ್ ಪಾಠದ ಮೊದಲ ಪುಟದಲ್ಲಿರುವ ‘ಅಲ್ಗಾರಿದಮ್’ ಪದದ ಮೂಲ ಅದು. ನಮ್ಮ ಪೂರ್ವಜರು ಹಾಗಿದ್ದರು ಹೀಗಿದ್ದರು ಅಂತ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡರೆ ಏನೂ ಬಾರದು. ಖ್ವಾರಿಝ್ಮಿ ಜನರ ನಿತ್ಯದ ಲೆಕ್ಕದಿಂದ ಶುರು ಮಾಡಿದರು. ನಾವು ಅವರಿಂದ ಕಲಿಯಬೇಕಾದ್ದು ಅದನ್ನು.

ಭಾಷೆ ಅಡ್ಡ ಬರಬಾರದು

ನಮ್ಮ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಬೀದಿಯಲ್ಲಿ ಉರ್ದು ಕೇಳುತ್ತದೆ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಇಷ್ಟರ ಮೇಲೆ ಇಂಗ್ಲಿಷಿನಲ್ಲಿ ಪ್ರೋಗ್ರಾಮಿಂಗ್! ಒಂದೇ ಸಲಕ್ಕೆ ಎರಡು ಹೊಸ ಭಾಷೆ ಹೊರಿಸಿದಂತೆ. ಇಂಗ್ಲಿಷ್ ಬೇಡ ಅಂತ ನಾವು ಹೇಳುವುದಿಲ್ಲ, ಮುಂದೆ ಅದು ಬೇಕೇ ಬೇಕು. ಆದರೆ ಮೊದಲು ವಿಷಯ ಅರ್ಥವಾಗಲಿ. ಅಮೆರಿಕದ ಎಂಐಟಿಯವರು 2007 ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಉಚಿತ. ಅದರಲ್ಲಿ ಬಣ್ಣದ ಇಟ್ಟಿಗೆಗಳಂಥ ಆಜ್ಞೆಗಳನ್ನು ಜೋಡಿಸುವುದು ಅಷ್ಟೇ, ಟೈಪ್ ಮಾಡುವ ಕಷ್ಟ ಇಲ್ಲ. ಇಂಗ್ಲಿಷ್ ಅಲ್ಲದ ಭಾಷೆಗಳೂ ಅದರ ಪಟ್ಟಿಯಲ್ಲಿವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆಮೇಲೆ ಪೈಥಾನಿಗೆ ಹೋದರೆ ಅಲ್ಲೂ ‘ಧಾರಣೆ’, ‘ಕಾಯಿ’, ‘ಬುಟ್ಟಿ’ ಎಂದು ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು.

ಮಂಜೇಶ್ವರ, ಕುಂಬಳೆ ಕಡೆ ನೆಂಟರಿರುವ ಓದುಗರು ಒಮ್ಮೆ ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳನ್ನು ಮಾತಾಡಿಸಿ ನೋಡಿ. ಕೇರಳ ಸರ್ಕಾರ 2001 ರಲ್ಲಿ ‘ಐಟಿ ಅಟ್ ಸ್ಕೂಲ್’ ಶುರು ಮಾಡಿತು. ಅದೇ ಮುಂದೆ ‘ಕೈಟ್’ ಎಂಬ ಸಂಸ್ಥೆಯಾಯಿತು. ಉಚಿತ ತಂತ್ರಾಂಶಗಳನ್ನೇ ಬಳಸಿ ಶಾಲೆಗಳಲ್ಲಿ ಕಲಿಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪುಸ್ತಕ ಕನ್ನಡದಲ್ಲೇ ಇದೆ. 2018 ರಿಂದ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಕೂಟಗಳಿವೆ. 2025 ರಿಂದ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಪಾಠ ಬಂದಿದೆ. ಗಡಿಯ ಆಚೆ ಬ್ಯಾರಿ ಮಗುವಿಗೆ ಕನ್ನಡದಲ್ಲಿ, ಸರ್ಕಾರಿ ಶಾಲೆಯಲ್ಲಿ, ದುಡ್ಡಿಲ್ಲದೆ ಸಿಗುವುದು ಗಡಿಯ ಈಚೆ ಯಾಕೆ ಸಿಗಬಾರದು ಅಂತ ನಾವು ಕೇಳುವುದರಲ್ಲಿ ತಪ್ಪಿಲ್ಲ.

ಫೀಸು ಕಟ್ಟುವ ಮೊದಲು ಕೇಳಿ

ಪೇಟೆಯಲ್ಲಿ ಕೋಡಿಂಗ್ ಕ್ಲಾಸಿನ ಬೋರ್ಡುಗಳಿಗೆ ಬರವಿಲ್ಲ. ಮೂರು ತಿಂಗಳು, ಸರ್ಟಿಫಿಕೇಟ್, ನೌಕರಿ ಗ್ಯಾರಂಟಿ ಅಂತಾರೆ. ಫೀಸು ಕಟ್ಟುವ ಮೊದಲು ಪೋಷಕರು ಐದು ಪ್ರಶ್ನೆ ಕೇಳಬೇಕು. ಇದನ್ನು ಕೇಳಲು ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ.

ಒಂದು: ಮೊದಲ ವಾರ ಏನು ಮಾಡಿಸುತ್ತೀರಿ? ಬೋರ್ಡಿನಿಂದ ನಕಲು ಅಂದರೆ ಎದ್ದು ಬನ್ನಿ.
ಎರಡು: ಮಗುವಿನ ಪ್ರೋಗ್ರಾಮ್ ಕೆಲಸ ಮಾಡದಿದ್ದರೆ ಯಾರು ಸರಿ ಮಾಡುತ್ತಾರೆ? ಮೇಷ್ಟ್ರು ಮಾಡಿಕೊಟ್ಟರೆ ಮೇಷ್ಟ್ರಿಗೇ ಕಲಿತಂತಾಯಿತು.
ಮೂರು: ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಒಬ್ಬೊಬ್ಬರಿಂದಲೂ ಒಪ್ಪಿಸಿಕೊಳ್ಳುತ್ತಾರೆಯೇ?
ನಾಲ್ಕು: ಅರ್ಥವಾಗದಿದ್ದರೆ ಕನ್ನಡದಲ್ಲಿ ಕೇಳಬಹುದೇ?
ಐದು: ಕೋರ್ಸ್ ಮುಗಿದಾಗ ಮಗು ಸ್ವಂತವಾಗಿ ಮಾಡಿದ ಏನನ್ನು ತೋರಿಸುತ್ತದೆ?

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅಟ್ಟದ ಕೊಳೆತ ಕಾಯಿಯ ಪ್ರಶ್ನೆ ಕೇಳಿದ್ದು ಹುಡುಗಿ. ಹುಡುಗರಿಗೆ ಲ್ಯಾಪ್‌ಟಾಪ್, ಹುಡುಗಿಯರಿಗೆ ಕಾಲೇಜು ಮುಗಿದರೆ ಸಾಕು ಅನ್ನುವ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಇದು ಮನೆಯಲ್ಲೇ ಕೂತು ಕಲಿಯಬಹುದಾದ, ಮನೆಯಿಂದಲೇ ಮಾಡಬಹುದಾದ ವಿದ್ಯೆ. ಇದನ್ನೂ ಅವರ ಕೈಗೆ ಕೊಡದಿದ್ದರೆ ನಾಳೆ ಉತ್ತರ ಹೇಳಬೇಕಾದವರು ನಾವು.

"ಈಗ ಎಐ ಬಂದಿದೆಯಲ್ಲ, ಕೇಳಿದರೆ ಅದೇ ಪ್ರೋಗ್ರಾಮ್ ಬರೆದುಕೊಡುತ್ತೆ, ಕಲಿಯೋದ್ಯಾಕೆ?" ಅಂತ ಕೆಲವರು ಕೇಳುತ್ತಾರೆ. ಬರೆದುಕೊಡುತ್ತದೆ ನಿಜ. ಬರೆದದ್ದು ಸರಿಯೋ ಅಂತ ಓದಿ ಹೇಳುವವರು ಬೇಕಲ್ಲ? ಬೇರೆಯವರು ಬರೆದ ಕರಾರು ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ತೋಟ ಕಳೆದುಕೊಂಡವರ ಕತೆ ಈ ನಾಡಿನಲ್ಲಿ ಹೊಸದಲ್ಲ. ಓದಲು ಬರಬೇಕಾದ ಅಗತ್ಯ ಈಗ ಜಾಸ್ತಿಯೇ ಆಗಿದೆ.

ಒಂದು ಜಮಾಅತ್, ಒಂದು ಹಳೇ ಲ್ಯಾಪ್‌ಟಾಪ್

ಇದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಡ. ಮದ್ರಸದ ಕೋಣೆ ಹಗಲು ಖಾಲಿಯೇ ಇರುತ್ತದೆ. ಯಾರದೋ ಮನೆಯಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪ್ ಇರುತ್ತದೆ. ಊರಲ್ಲಿ ಕಂಪ್ಯೂಟರ್ ಓದುತ್ತಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು ಕೂತರೆ ತಪ್ಪಲ್ಲ, ಒಳ್ಳೆಯದೇ. ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಹೇಳಬೇಕು, ಹತ್ತು ನಿಮಿಷಕ್ಕೆ ಬದಲಾಗಬೇಕು. ಸಾಫ್ಟ್‌ವೇರ್ ಕಂಪನಿಗಳಲ್ಲೂ ಹೀಗೆ ಜೋಡಿಯಾಗಿ ಕೆಲಸ ಮಾಡುವ ಪದ್ಧತಿ ಇದೆಯಂತೆ. ವಾರಕ್ಕೆ ಎರಡು ಗಂಟೆ ಸಾಕು. ನಮ್ಮ ಮಕ್ಕಳಿಗಷ್ಟೇ ಅಂತ ಬಾಗಿಲು ಹಾಕಿಕೊಳ್ಳುವುದೂ ಬೇಡ, ಅಕ್ಕಪಕ್ಕದ ಮನೆಯ ಮಕ್ಕಳೂ ಬರಲಿ. ಕೊಬ್ಬರಿ ಅಟ್ಟ ಎಲ್ಲರ ಮನೆಯಲ್ಲೂ ಇದೆ.

ಆ ಹುಡುಗ ಕಾಲೇಜು ಬಿಡಲಿಲ್ಲ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಕಟ್ಟಿದ್ದಾನೆ. ಫಲಿತಾಂಶ ಇನ್ನೂ ಬಂದಿಲ್ಲ. ಅವನ ಉಪ್ಪ ನಮ್ಮನ್ನು ಕಂಡಾಗಲೆಲ್ಲ ಕೇಳುವುದು ಒಂದೇ: "ನೌಕರಿ ಸಿಗುತ್ತಾ ಉಸ್ತಾದ್?" ಸಿಗುತ್ತೆ ಅಂತ ಹೇಳುವ ಧೈರ್ಯ ನಮಗಿಲ್ಲ. ಅದು ಅಲ್ಲಾಹನ ಕೈಯಲ್ಲಿದೆ. ಆದರೆ ವಾರಕ್ಕೆ ಎರಡು ದಿನ ಇಶಾ ಆದ ಮೇಲೆ ಅವನು ಮದ್ರಸದ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಾನೆ. ಮೊನ್ನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆವು. ಮೂರು ತೆಂಗಿನಕಾಯಿ ಮುಂದಿಟ್ಟು, ಒಬ್ಬ ಪುಟ್ಟ ಹುಡುಗನ ಕಣ್ಣಿಗೆ ಕರ್ಚೀಫ್ ಕಟ್ಟಿ ಕೇಳುತ್ತಿದ್ದ: "ಹೇಳು, ಭಾರದ್ದು ಯಾವುದು ಅಂತ ಹೇಗೆ ಕಂಡುಹಿಡೀತೀಯ?"